ಕುಶಾಲಣ್ಣನಿಗೆ ತೋರಿಸಬೇಕಾಗಿದ್ದ ಆಕಾಶ

ಗುಂಡ್ಯ

ವಿದೇಶಕ್ಕೆ ಹೋಗುವವರನ್ನು ಬೀಳ್ಕೊಡಲು ಬೇಕಾದವರು ವಿಮಾನ ನಿಲ್ದಾಣದವರೆಗೆ ಬರುವುದುಂಟು. ಕುಶಾಲಣ್ಣ ನನ್ನ ಜೊತೆ ಗುಂಡ್ಯದವರೆಗೆ ಬಂದರು. ಘಾಟಿಯ ಬುಡದಲ್ಲಿ ಚಹಾ ಕುಡಿದು ಅವರು ಸುಬ್ರಹ್ಮಣ್ಯದ ಬಸ್ಸು ಹಿಡಿಯುವುದು, ನಾನು ಬಾಡಿಗೆ ಕಾರಿನಲ್ಲಿ ಶಿರಾಡಿ ಘಾಟಿ ಹತ್ತಿ ವಿಮಾನಕ್ಕೆ ಹೋಗುವುದು ಎಂದು ಮಾತಾಗಿತ್ತು. ಆಗಸ್ಟು ಅರ್ಧ ಕಳೆದು ಸೋಣ ತಿಂಗಳು ಬಂದರೂ ಆಟಿಯ ಮಳೆ ಬಿಟ್ಟಿರಲಿಲ್ಲ. ಎದುರಿನ ಗುಡ್ಡ ಕೂಡ ಕಾಣಿಸುತ್ತಿರಲಿಲ್ಲ.

ನನ್ನದು ಕಬಕದಲ್ಲಿ ಪಂಪಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಕುಶಾಲಣ್ಣ ಮಂಡೆಕೋಲಿನ ರಬ್ಬರ್ ಕೃಷಿಕರು. ಹನ್ನೆರಡು ವರ್ಷದ ಹಿಂದೆ ಸುಟ್ಟ ಮೋಟಾರೊಂದನ್ನು ಜೀಪಿನಲ್ಲಿ ಹಾಕಿಕೊಂಡು ಬಂದವರು ನಾನು ತಂತಿ ಸುತ್ತಿ ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತು ನಕ್ಷತ್ರದ ಮಾತಾಡಿದರು. ಬೆಳಗಿನ ಜಾವ ಹಣೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರದ ಹಾಲಿಳಿಸುವ ಟ್ಯಾಪಿಂಗಿಗೆ ಹೋಗುವವರಿಗೆ ಆಕಾಶ ಪುಕ್ಕಟೆ ಸಿಗುತ್ತದೆ. ನನಗೆ ಅದರ ಗಂಧಗಾಳಿ ಇರಲಿಲ್ಲ. ಮುಂದಿನ ಬೇಸಗೆಯ ಹೊತ್ತಿಗೆ ಅವರ ಅಂಗಳದಲ್ಲಿ ನಾವಿಬ್ಬರೂ ಸೇರಿ ಒಂದು ದೂರದರ್ಶಕ ನಿಲ್ಲಿಸಿದ್ದೆವು. ಕ್ರಮೇಣ ಸುಳ್ಯ, ಕಡಬ, ಪುತ್ತೂರಿನ ಇನ್ನೂ ಐದು ಮಂದಿಗೆ ಈ ಹುಚ್ಚು ಹಿಡಿಯಿತು.

ಈ ಹುಚ್ಚಿಗೆ ನಮ್ಮೂರಿನಷ್ಟು ಒಗ್ಗದ ಜಾಗ ಇನ್ನೊಂದಿಲ್ಲ. ವರ್ಷದಲ್ಲಿ ಐದು ತಿಂಗಳು ನಮಗೆ ಆಕಾಶವೇ ಇರುವುದಿಲ್ಲ. ನಮೀಬಿಯಾದಲ್ಲಿ ಸರಿಯಾಗಿ ಅದೇ ಐದು ತಿಂಗಳು ಒಂದು ಹನಿ ಮಳೆಯಿಲ್ಲ. ಅಲ್ಲಿನ ಒಂದು ಫಾರ್ಮಿನವರು ನಮ್ಮಂಥವರಿಗಾಗಿ ಆಕಾಶಕ್ಕೆ ತೆರೆಯುವಂತೆ ಜಾರುವ ಮಾಡಿನ, ಅಂದರೆ ಛಾವಣಿಯ, ಕೋಣೆಗಳನ್ನು ಕಟ್ಟಿಸಿದ್ದಾರೆ. ನಾವು ಏಳು ಮಂದಿ ಹಣ ಸೇರಿಸಿ ಕಟ್ಟಿದ ಮೇಲೆ ಒಂದು ಕೋಣೆಯ ಸಿಮೆಂಟು ಕಂಬ ನಮ್ಮ ಪಾಲಿಗೆ ಬಂತು. ಅದರ ಮೇಲೆ ಕಂಪ್ಯೂಟರ್ ಮೌಂಟ್ ಕೂರಿಸಬೇಕು. ಮೌಂಟ್ ಎಂದರೆ ದೂರದರ್ಶಕವನ್ನು ಹೊತ್ತು, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಒಂದೇ ನಕ್ಷತ್ರದ ಮೇಲೆ ನಿಲ್ಲಿಸುವ ಯಂತ್ರ. ಒಮ್ಮೆ ಸರಿಯಾಗಿ ಕೂತರೆ ಮತ್ತೆ ಅಲ್ಲಿ ಯಾರೂ ಇರಬೇಕಾಗಿಲ್ಲ. ಪುತ್ತೂರಿನಲ್ಲಿ ಮಳೆ ಹೊಯ್ಯುತ್ತಿರುವಾಗ ಅದು ಅಲ್ಲಿ ತನ್ನಷ್ಟಕ್ಕೆ ಫೋಟೋ ತೆಗೆಯುತ್ತದೆ. ಕೂರಿಸಲು ಬೋಲ್ಟು ತಿರುಗಿಸಿ ಗೊತ್ತಿದ್ದವರು ಬೇಕಲ್ಲ, ಹಾಗಾಗಿ ನಾನು. ಜೊತೆಗೆ ಕುಶಾಲಣ್ಣ ಎಂದು ಮೊದಲೇ ನಿಶ್ಚಯವಾಗಿತ್ತು. ಪಾಸ್‌ಪೋರ್ಟೂ ಬಂದಿತ್ತು.

ಅಷ್ಟರಲ್ಲಿ ಅವರ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಅಳಿಸಿಹೋಗುವ ಕಾಯಿಲೆ. ಈಗ ಅವರು ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಾರೆ. ಮಂಗಳೂರಿನಲ್ಲಿ ತಿಂಗಳಿಗೊಂದು ಇಂಜೆಕ್ಷನ್. ಬದಿಯ ನೋಟವೂ ಎಷ್ಟು ಸಮಯ ಉಳಿದೀತು ಎಂದು ಡಾಕ್ಟರು ಹೇಳುತ್ತಿಲ್ಲ.

"ಸಿಕ್ಕಿದ್ದೆಲ್ಲ ತೆಗೀಲಿಕ್ಕೆ ಹೋಗ್ಬೇಡಿ ಮಾರಾಯ್ರೆ," ಎಂದರು ಚಹಾ ಊದುತ್ತಾ. "ನನಗೆ ಆ ದೊಡ್ಡ ಮೋಡ ಒಂದು ಸಾಕು."

ಅವರು ಹೇಳಿದ್ದು ಮೆಗಲ್ಲನ್ ಮೋಡದ ಬಗ್ಗೆ. ಹೆಸರಿಗೆ ಮೋಡ, ನಿಜಕ್ಕೆ ನಮ್ಮ ಪಕ್ಕದ ಇನ್ನೊಂದು ಗೆಲಾಕ್ಸಿ, ಕೋಟಿಗಟ್ಟಲೆ ನಕ್ಷತ್ರಗಳ ಗುಂಪು. ತೆಂಕು ದಿಕ್ಕಿನ ಕೊನೆಯಲ್ಲಿರುವ ಅದು ನಮ್ಮೂರಿನಿಂದ ನೋಡಿದರೆ ಗುಡ್ಡ ಬಿಟ್ಟು ಮೇಲೆ ಏಳುವುದೇ ಇಲ್ಲ. ಕುಶಾಲಣ್ಣ ಎಷ್ಟೋ ಚಳಿಗಾಲ ಮಂಡೆಕೋಲಿನ ಹಿಂದಿನ ಪಾದೆಕಲ್ಲು ಹತ್ತಿ ಕಾದಿದ್ದಾರೆ. ಕೇರಳದ ಕಡೆಯ ಮಬ್ಬು ಬಿಟ್ಟು ಬೇರೇನೂ ಕಂಡಿಲ್ಲ.

"ಮೊದಲ ಫೋಟೋ ನಿಮಗೇ," ಎಂದೆ.

"ಬೇಗ ಆಗ್ಲಿ. ಈಗ ಟಿ.ವಿ.ಯಲ್ಲಿ ದೊಡ್ಡದು ಮಾಡಿ ಹಾಕಿದ್ರೆ ಬದಿಯಿಂದ ಸ್ವಲ್ಪ ಕಾಣುದುಂಟು. ಬರುವ ವರ್ಷದ್ದು ಹೇಳ್ಲಿಕ್ಕಾಗುದಿಲ್ಲ."

ಬಸ್ಸು ಬಂತು. ಬೋರ್ಡು ಓದಲಾಗದೆ ಕಂಡಕ್ಟರನ ಹತ್ತಿರ ಎರಡು ಸಲ ಕೇಳಿ ಹತ್ತಿದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಾನು ಕಾರು ಹತ್ತಿದೆ.

ವಿಂಡ್‌ಹುಕ್

ಮೌಂಟನ್ನು ಬಿಚ್ಚಿ ಎರಡು ಲುಂಗಿ, ಮೈ ಒರೆಸುವ ನಾಲ್ಕು ಬೈರಾಸಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತುಂಬಿಸಿದ್ದೆ. ದೂರದರ್ಶಕಕ್ಕೆ ಸಮತೂಕ ಕೊಡುವ ದುಂಡು ಕಬ್ಬಿಣಗಳು ಬೇರೆ. ವಿಂಡ್‌ಹುಕ್ಕಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಹೆಂಗಸು ಒಂದೊಂದೇ ಬೈರಾಸು ಬಿಡಿಸಿ ನೋಡಿದರು. ಕೂಸಿನ ಬಟ್ಟೆ ಬಿಚ್ಚಿದಷ್ಟು ನಿಧಾನ. ಒಳಗಿನಿಂದ ಹಲ್ಲಿನ ಚಕ್ರ ಹೊರಬಂದಾಗ ಹುಬ್ಬೇರಿಸಿದರು.

"ಏನಿದು?"

"ನಕ್ಷತ್ರದ ಫೋಟೋ ತೆಗೆಯುವುದಕ್ಕೆ."

"ನಿಮ್ಮ ದೇಶದಲ್ಲಿ ನಕ್ಷತ್ರಗಳಿಲ್ಲವೇ?"

"ಐದು ತಿಂಗಳು ಇಲ್ಲ," ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಕ್ಕು ಮುದ್ರೆ ಒತ್ತಿದರು. ನಾನು ತಮಾಷೆ ಮಾಡಿರಲಿಲ್ಲ.

ಹೊರಗೆ ಪೇಟ್ರುಸ್ ಕಾಯುತ್ತಿದ್ದರು. ಫಾರ್ಮನ್ನೂ ಆ ಕೋಣೆಗಳನ್ನೂ ನೋಡಿಕೊಳ್ಳುವವರು, ಅರವತ್ತರ ಆಸುಪಾಸಿನ ಗಟ್ಟಿ ಆಳು. ಕೈಕುಲುಕುವುದು ಅಲ್ಲಿ ಒಂದು ಸಣ್ಣ ಶಾಸ್ತ್ರ. ಮೊದಲು ಅಂಗೈ, ಆಮೇಲೆ ಹೆಬ್ಬೆರಳು, ಮತ್ತೆ ಅಂಗೈ. ನಾನು ಎರಡನೆಯ ಹಂತಕ್ಕೇ ಕೈ ಬಿಟ್ಟುಬಿಟ್ಟೆ. ಅವರು ಬಿಡಲಿಲ್ಲ, ನನ್ನ ಕೈ ಹುಡುಕಿ ಹಿಡಿದು ಪೂರ್ತಿ ಮಾಡಿದರು.

ಜಲ್ಲಿ ರಸ್ತೆಯಲ್ಲಿ ಎರಡು ಗಂಟೆ ಹೋದೆವು. ಮನೆ ಇಲ್ಲ, ಅಂಗಡಿ ಇಲ್ಲ, ಎದುರಿಗೆ ಬರುವ ಬಸ್ಸಿಲ್ಲ. ಬಣ್ಣ ಕಳಕೊಂಡ ಹುಲ್ಲು ಮತ್ತು ಮುಳ್ಳಿನ ಗಿಡ, ಅಷ್ಟೇ. ಪುತ್ತೂರಿನಿಂದ ಕಬಕಕ್ಕೆ ಬರುವಷ್ಟರಲ್ಲಿ ಹತ್ತು ಮಂದಿಗೆ ಕೈಯೆತ್ತುವ ನನಗೆ ಕೈಯೆಲ್ಲಿಡಬೇಕೆಂದೇ ತಿಳಿಯಲಿಲ್ಲ. ವಾಚು ನೋಡಿಕೊಂಡೆ. ಅದನ್ನು ನಾನು ಊರಿನ ಸಮಯದಲ್ಲಿಯೇ ಬಿಟ್ಟಿದ್ದೆ. ಊರು ಮೂರೂವರೆ ಗಂಟೆ ಮುಂದೆ. ಈಗ ಕುಶಾಲಣ್ಣ ಊಟ ಮುಗಿಸಿ ಜಗಲಿಯಲ್ಲಿ ಅಡ್ಡವಾಗಿರಬೇಕು ಎಂದು ಲೆಕ್ಕ ಹಾಕುವುದರಲ್ಲಿ ಒಂದು ಸಮಾಧಾನವಿತ್ತು.

ಮೊದಲ ಎರಡು ರಾತ್ರಿ

ನನಗೆ ಇದ್ದದ್ದು ಐದು ರಾತ್ರಿ. ಅಮಾವಾಸ್ಯೆಯ ಎಡಬಲದ ಐದು ಕತ್ತಲ ರಾತ್ರಿ. ಆಮೇಲೆ ನನ್ನ ವಿಮಾನ.

ಮೊದಲ ದಿನ ಹಗಲೇ ಕಂಬದ ಮೇಲೆ ಮೌಂಟ್ ಕೂರಿಸಿ, ಅದರ ಮೇಲೆ ಊರಿನಿಂದ ತಂದ ದೂರದರ್ಶಕ, ಕ್ಯಾಮೆರಾ ಬಿಗಿದೆ. ಕತ್ತಲಾದ ಮೇಲೆ ಅದಕ್ಕೆ ಊರು, ತಾರೀಕು, ಗಂಟೆ ಹೇಳಿಕೊಡಬೇಕು. ಮಾಮೂಲಿಗೆ ಅದು ಇಂಟರ್‌ನೆಟ್ಟಿನಿಂದ ತಾನೇ ತಿಳಿದುಕೊಳ್ಳುತ್ತದೆ. ಆದರೆ ಹಿಂದಿನ ವಾರ ಬಬೂನುಗಳು ಮಾಡಿನ ಮೇಲಿನ ಡಿಶ್ ತಟ್ಟೆಯ ಕೇಬಲ್ ಕಿತ್ತುಹಾಕಿದ್ದವು. ವಿಂಡ್‌ಹುಕ್ಕಿನಿಂದ ರಿಪೇರಿಯವರು ಬರಬೇಕು. ಕೇಬಲ್ ತಿನ್ನುವ ಮಂಗಗಳ ವಿಷಯದಲ್ಲಿ ನಾನೂ ಪೇಟ್ರುಸರೂ ಅರ್ಧ ಗಂಟೆ ಒಬ್ಬರ ಕಷ್ಟ ಒಬ್ಬರು ಹೇಳಿಕೊಂಡೆವು. ಎರಡು ದೇಶಗಳನ್ನು ಇಷ್ಟು ಹತ್ತಿರ ತರುವ ವಿಷಯ ಬೇರೆ ಇರಲಿಕ್ಕಿಲ್ಲ.

ಎಲ್ಲವನ್ನೂ ಕೈಯಿಂದಲೇ ಒತ್ತಿದೆ. ಜ್ಯೇಷ್ಠಾ ನಕ್ಷತ್ರಕ್ಕೆ ತಿರುಗು ಎಂದು ಆಜ್ಞೆ ಕೊಟ್ಟೆ. ಜ್ಯೇಷ್ಠಾ ಹೆಚ್ಚುಕಡಿಮೆ ನೆತ್ತಿಯ ಮೇಲೆ ಕೆಂಪಗೆ ಉರಿಯುತ್ತಿತ್ತು. ದೂರದರ್ಶಕ ಗುಂಯ್ಗುಟ್ಟುತ್ತಾ ಪಶ್ಚಿಮಕ್ಕೆ ವಾಲಿ, ಬಾವಿಯ ನೀರೆತ್ತುವ ಗಾಳಿಯಂತ್ರದ ತುದಿಗೆ ಮುಖ ಮಾಡಿ ನಿಂತಿತು. ಇನ್ನೊಂದು ನಕ್ಷತ್ರ ಹೇಳಿದೆ. ಅದೂ ತಪ್ಪು.

ಮೋಟಾರಿನವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮೋಟಾರಿಗೇ. ಪ್ರಯಾಣದಲ್ಲಿ ಗೇರಿನ ಹಲ್ಲು ಜಾರಿರಬೇಕು ಎಂದು ತೀರ್ಮಾನಿಸಿದೆ. ನಮ್ಮ ಕಡೆ ಪಂಪು ನೀರೆತ್ತದಿದ್ದರೆ ಬಾವಿಯಲ್ಲಿ ನೀರಿದೆಯೇ ಎಂದು ನೋಡುವ ಮೊದಲು ಮೋಟಾರು ಬಿಚ್ಚಿ ನನ್ನ ಅಂಗಡಿಗೆ ತರುತ್ತಾರೆ. ಅವರನ್ನು ನಾನು ಎಷ್ಟು ಸಲ ಬೈದಿಲ್ಲ! ಈಗ ನಾನೂ ಅದನ್ನೇ ಮಾಡಿದೆ. ಮರುದಿನ ಇಡೀ ಹಗಲು ಮೌಂಟಿನ ಹೊಟ್ಟೆ ಬಿಚ್ಚಿ, ಗ್ರೀಸು ಒರೆಸಿ, ಹೊಸದು ಹಚ್ಚಿ, ಹಲ್ಲಿಗೆ ಹಲ್ಲು ಕೂರಿಸಿದೆ. ಗೇರು ನಿಜಕ್ಕೂ ಚೆನ್ನಾಗಿಯೇ ಇತ್ತು. ಎರಡನೆಯ ರಾತ್ರಿ ಅದು ಮೊದಲಿಗಿಂತ ಮೃದುವಾಗಿ ತಿರುಗಿ ಅದೇ ಗಾಳಿಯಂತ್ರವನ್ನು ತೋರಿಸಿತು.

ಹೊರಗೆ ಕುರ್ಚಿಯಲ್ಲಿ ಕೂತು ಸುಮ್ಮನೆ ಸಿಟ್ಟು ಮಾಡಿಕೊಂಡೆ. ಕುಶಾಲಣ್ಣ ಇದ್ದಿದ್ದರೆ ನಗುತ್ತಿದ್ದರು, ನಕ್ಕು ಕಾರಣ ಕಂಡುಹಿಡಿಯುತ್ತಿದ್ದರು. ಅವರಿಗೆ ಫೋನು ಮಾಡಿ ಬೈಸಿಕೊಳ್ಳೋಣ ಎಂದರೆ ಅಲ್ಲಿ ಫೋನೂ ಅದೇ ತಟ್ಟೆಯಿಂದ, ಮಂಗ ತಂತಿ ತಿಂದಾಗಿತ್ತು.

ಮೂರನೆಯ ರಾತ್ರಿ

ಪೇಟ್ರುಸ್ ಚಹಾ ತಂದುಕೊಟ್ಟರು. ನಾನು ಕೆಂಪು ಟಾರ್ಚಿನ ಬೆಳಕಿನಲ್ಲಿ ವಾಚು ನೋಡಿ ಮತ್ತೆ ಗಂಟೆ ಒತ್ತುತ್ತಿದ್ದೆ.

"ನಿಮ್ಮ ವಾಚು ಕೆಟ್ಟಿದೆ," ಎಂದರು. "ಈಗ ಎಂಟು ಗಂಟೆ. ಅದು ಹನ್ನೊಂದೂವರೆ ತೋರಿಸುತ್ತಿದೆ."

"ಕೆಟ್ಟಿಲ್ಲ," ಎಂದೆ ಸ್ವಲ್ಪ ಬಿಗುಮಾನದಿಂದ. "ಅದು ನಮ್ಮೂರಿನ ಸಮಯ. ಅಲ್ಲಿ ಈಗ ಎಲ್ಲರೂ..."

ಟಾರ್ಚನ್ನು ವಾಚಿನಿಂದ ಪರದೆಗೆ, ಪರದೆಯಿಂದ ವಾಚಿಗೆ ತಿರುಗಿಸಿದೆ. ನಮೀಬಿಯಾದ ಆಕಾಶಕ್ಕೆ ನಾನು ಎರಡು ರಾತ್ರಿ ಕಬಕದ ಗಂಟೆ ಹೇಳಿದ್ದೆ. ಮೂರೂವರೆ ಗಂಟೆಯಲ್ಲಿ ನಕ್ಷತ್ರಗಳು ಎಷ್ಟು ದೂರ ಸರಿಯುತ್ತವೋ ಅಷ್ಟೇ ದೂರ ದೂರದರ್ಶಕ ತಪ್ಪುತ್ತಿತ್ತು. ಅದು ಪಾಪ ನಾನು ಹೇಳಿದ್ದನ್ನೇ ಮಾಡಿತ್ತು. ಊರಿನ ನೆನಪು ಬಿಡಲಾಗದೆ ಕೈಗೆ ಕಟ್ಟಿಕೊಂಡು ಬಂದವನು ನಾನು, ಬೈಗಳು ತಿಂದದ್ದು ಗೇರು.

ಪೇಟ್ರುಸರಿಗೆ ವಿವರಿಸಿದೆ. ಅವರು ನಗಲಿಲ್ಲ. "ನನ್ನ ಹೆಂಡತಿ ಉತ್ತರದ ಕಡೆಯವಳು," ಎಂದರು. "ಮದುವೆಯಾಗಿ ಮೂವತ್ತು ವರ್ಷ. ಈಗಲೂ ಅವಳ ಊರಿನಲ್ಲಿ ಮಳೆ ಬಂದ ದಿನ ಇಲ್ಲಿ ಬಟ್ಟೆ ಒಳಗೆ ತರುತ್ತಾಳೆ."

ಗಂಟೆ ಸರಿ ಮಾಡಿದ ಮೇಲೆ ಜ್ಯೇಷ್ಠಾ ಒಂದೇ ಏಟಿಗೆ ಕ್ಯಾಮೆರಾದ ನಡುವಿಗೆ ಬಂತು. ಇನ್ನು ಮೌಂಟಿನ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಹೊಂದಿಸಬೇಕು. ಭೂಮಿಯ ಉತ್ತರಾರ್ಧದವರು ಧ್ರುವ ನಕ್ಷತ್ರ ನೋಡಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ತೆಂಕಣ ಆಕಾಶದಲ್ಲಿ ಅಂಥ ನಕ್ಷತ್ರವಿಲ್ಲ. ಬೇರೆ ಕೋಣೆಗಳಿಗೆ ಬಂದವರು ಇಲ್ಲಿ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರಂತೆ. ನನಗೆ ಅದೊಂದು ಭಯ ಇರಲಿಲ್ಲ. ನಮ್ಮೂರಿನಲ್ಲಿ ಧ್ರುವ ಇರುವುದೇ ತೀರ ಕೆಳಗೆ, ಅದೂ ಗುಡ್ಡದ ಹಿಂದೆ, ತೆಂಗಿನ ಮಂಡೆಯ ಹಿಂದೆ. ಹಾಗಾಗಿ ಕುಶಾಲಣ್ಣ ಮೊದಲಿನಿಂದಲೂ ಬೇರೆ ದಾರಿ ಹಿಡಿದಿದ್ದರು. ಯಾವುದಾದರೂ ಒಂದು ನಕ್ಷತ್ರವನ್ನು ನಡುವಿಗೆ ತಂದು ಹತ್ತು ನಿಮಿಷ ಸುಮ್ಮನೆ ನೋಡುವುದು. ಅದು ಮೇಲಕ್ಕೆ ಜಾರಿದರೆ ಬೋಲ್ಟು ಈಚೆಗೆ, ಕೆಳಕ್ಕೆ ಜಾರಿದರೆ ಆಚೆಗೆ. ಮತ್ತೆ ಹತ್ತು ನಿಮಿಷ. ತಾಳ್ಮೆಯೊಂದೇ ಬಂಡವಾಳ. ಇಲ್ಲಿ ಈಚೆ ಎಂಬುದು ಆಚೆಯಾಗುತ್ತದೆ, ಅಷ್ಟೇ ವ್ಯತ್ಯಾಸ.

ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ನಕ್ಷತ್ರ ಕದಲದೆ ನಿಂತಿತು. ಮೆಗಲ್ಲನ್ ಮೋಡದ ಕಡೆ ತಿರುಗಿಸಿ ಫೋಟೋ ಶುರುಮಾಡಿ, ಒಂದು ನಿಮಿಷ ಎಂದು ಕಣ್ಣು ಮುಚ್ಚಿದೆ. ಎದ್ದಾಗ ಬೆಳಗಾಗಿತ್ತು. ದೂರದರ್ಶಕ ತಿರುಗುತ್ತಾ ಹೋಗಿ ಕ್ಯಾಮೆರಾದ ವಯರು ಬೋಲ್ಟಿಗೆ ಸಿಕ್ಕಿ ಕಳಚಿಕೊಂಡಿತ್ತು. ಕಂಪ್ಯೂಟರಿನಲ್ಲಿ ಒಂದೂ ಚಿತ್ರ ಇರಲಿಲ್ಲ.

ಹಗಲು, ಗಾಳಿ

ನಾಲ್ಕನೆಯ ದಿನ ವಯರುಗಳನ್ನೆಲ್ಲ ಸಡಿಲ ಬಿಟ್ಟು ಕಟ್ಟಿದೆ. ರಿಪೇರಿಯವರು ಬಂದು ಇಂಟರ್‌ನೆಟ್ ಸರಿಮಾಡಿದರು. ಸಂಜೆ ಪೂರ್ವದ ಗಾಳಿ ಎದ್ದು ಧೂಳು ಹಾರತೊಡಗಿತು. ಗಾಳಿ ಜೋರಾದರೆ ಮಾಡು ತಾನೇ ಮುಚ್ಚಿಕೊಳ್ಳಬೇಕೆಂದು ಆ ದಿನ ಬೆಳಿಗ್ಗೆ ನಾನೇ ಅದಕ್ಕೆ ಕಲಿಸಿಕೊಟ್ಟಿದ್ದೆ. ವಿಧೇಯ ಮಾಡು ಇಡೀ ರಾತ್ರಿ ಮುಚ್ಚಿಯೇ ಇತ್ತು.

ಪೇಟ್ರುಸರ ಅಡುಗೆಮನೆಯಲ್ಲಿ ಕೂತೆವು. ಜೋಳದ ಹಿಟ್ಟಿನ ಗಟ್ಟಿ ಗಂಜಿ, ಒಣಗಿಸಿದ ಜಿಂಕೆ ಜಾತಿಯ ಮಾಂಸ. ಗಂಜಿ ಎಂದ ಮೇಲೆ ಪಕ್ಕದಲ್ಲಿ ಒಣಮೀನಿನ ಚಟ್ನಿ ಬೇಡವೇ ಎಂದು ನಾಲಿಗೆ ಕೇಳುತ್ತಿತ್ತು. ಅವರು ನಮ್ಮ ಮಳೆಯ ಬಗ್ಗೆ ಕೇಳಿದರು. ಐದು ತಿಂಗಳು ಎಂದೆ. ಚಮಚ ಕೆಳಗಿಟ್ಟರು.

"ಐದು ತಿಂಗಳು ಮಳೆ ಬರುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ನೀವು ಇಲ್ಲಿಗೆ ಬಂದಿದ್ದೀರಿ?"

ಹೌದೆನ್ನಲು ನಾಚಿಕೆಯಾಯಿತು. ಏಪ್ರಿಲಿನ ನಂತರ ಅಲ್ಲಿ ಆಕಾಶದಿಂದ ಏನೂ ಬಿದ್ದಿರಲಿಲ್ಲ. ಅವರ ದನಗಳ ಪಕ್ಕೆಲುಬು ಎಣಿಸಬಹುದಿತ್ತು.

"ಮಾಡಿನ ಮೇಲೆ ಮಳೆ ಬೀಳುವಾಗ ಹೇಗೆ ಕೇಳುತ್ತದೆ?" ಎಂದರು. "ಇಲ್ಲಿ ಬರುತ್ತದೆ, ಹತ್ತು ನಿಮಿಷ. ಇಡೀ ರಾತ್ರಿ ಬಿದ್ದರೆ ಹೇಗೆ?"

ನಾನು ಬೆರಳಿನಿಂದ ಮೇಜು ಬಡಿದು ತೋರಿಸಿದೆ. ಬಡಿಯುತ್ತಾ ಬಡಿಯುತ್ತಾ ನನಗೇ ಊರು ಎಷ್ಟು ಬೇಕೆನಿಸಿತೆಂದರೆ, ಎದ್ದು ಹೊರಗೆ ಹೋಗಬೇಕಾಯಿತು.

ಐದನೆಯ ರಾತ್ರಿ

ಗಾಳಿ ಇಳಿದಿತ್ತು. ಈ ರಾತ್ರಿ ನಾನು ಏನನ್ನೂ ಮುಟ್ಟಬಾರದು ಎಂದು ನಿಶ್ಚಯಿಸಿದ್ದೆ. ನಾಳೆಯಿಂದ ಅದು ಒಬ್ಬಂಟಿ. ಕತ್ತಲಾಗುತ್ತಲೇ ಮಾಡು ತಾನೇ ಹಳಿಯ ಮೇಲೆ ಹಿಂದೆ ಜಾರಿತು. ಮೌಂಟ್ ಎದ್ದು ಆಕಾಶದ ಒಂದು ಫೋಟೋ ತೆಗೆದು, ನಕ್ಷತ್ರಗಳ ಸಾಲನ್ನು ತನ್ನ ಪಟ್ಟಿಗೆ ಹೋಲಿಸಿ, ತಾನೆಲ್ಲಿದ್ದೇನೆಂದು ತಿಳಿದುಕೊಂಡಿತು. ಎರಡೂವರೆಗೆ ತೆಂಕಿಗೆ ತಿರುಗಿ ಮೂರು ಮೂರು ನಿಮಿಷಕ್ಕೊಂದು ಚಿತ್ರ ತೆಗೆಯಲು ಹಿಡಿಯಿತು. ನಾನು ಒಳಗಿನ ಕೋಣೆಯಲ್ಲಿ ಪರದೆಯ ಎದುರು ಕಂಬಳಿ ಹೊದ್ದು ಕೂತಿದ್ದೆ. ಚಿತ್ರದ ಮೇಲೆ ಚಿತ್ರ ಸೇರಿಸಿದಂತೆ ಮಬ್ಬು ಗಟ್ಟಿಯಾಯಿತು. ನಡುವೆ ಉದ್ದನೆಯ ಬಿಳಿ ಪಟ್ಟಿ, ಸುತ್ತ ನಕ್ಷತ್ರಗಳ ಪುಡಿ, ಒಂದು ಬದಿಯಲ್ಲಿ ಕೆಂಪು ಜೇಡದ ಹಾಗಿನ ಒಂದು ಗಂಟು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಐದು ಗಂಟೆಗೆ ಅದನ್ನು ಮಂಡೆಕೋಲಿಗೆ ಕಳಿಸಿ, ಕಾಲು ಗಂಟೆ ಬಿಟ್ಟು ಫೋನು ಮಾಡಿದೆ. ಅಲ್ಲಿ ಎಂಟೂಮುಕ್ಕಾಲು.

"ಸಿಕ್ಕಿತಾ ಕುಶಾಲಣ್ಣ?"

"ಸಿಕ್ಕಿತು. ಸೊಸೆ ಟಿ.ವಿ.ಯಲ್ಲಿ ಹಾಕಿ ಕೊಟ್ಟಿದ್ದಾಳೆ." ಕುರ್ಚಿ ಎಳೆದ ಸದ್ದು ಕೇಳಿಸಿತು. "ಬದಿಯಿಂದ ಬದಿಯಿಂದ ನೋಡಿದೆ. ಚೆಂದ ಉಂಟು. ಕೆಂಪು ಉಂಟಲ್ಲ, ಅದೂ ಗೊತ್ತಾಯ್ತು."

"ಮತ್ತೆ?"

"ಮತ್ತೆ ಎಂತ? ಇದು ಯಂತ್ರ ನೋಡಿದ್ದು. ನೀವು ನೋಡಿದ್ದು ಹೇಗುಂಟು, ಅದು ಹೇಳಿ."

ಐದು ರಾತ್ರಿಯಿಂದ ನಾನು ಗೇರು ನೋಡಿದ್ದೆ, ವಯರು ನೋಡಿದ್ದೆ, ಪರದೆ ನೋಡಿದ್ದೆ. ತಲೆಯೆತ್ತಿ ಅದನ್ನು ನೋಡಿರಲಿಲ್ಲ.

"ನಾನಿನ್ನೂ ನೋಡ್ಲಿಲ್ಲ," ಎಂದೆ.

ಬೈಯುತ್ತಾರೆ ಎಂದುಕೊಂಡೆ. "ಹಾಗಾದ್ರೆ ಹೊರಗೆ ಹೋಗಿ ಮಾರಾಯ್ರೆ," ಎಂದರು ಮೆಲ್ಲಗೆ. "ಫೋನಿಡ್ಬೇಡಿ. ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಲ್ಲಿ. ನಾನು ಇರ್ತೇನೆ."

ಹೊರಗೆ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಫೋನಿನ ಬೆಳಕು ಕಾಣದಂತೆ ಅದನ್ನು ಕಂಬಳಿಯೊಳಗೆ ಕಿವಿಗೆ ಒತ್ತಿ ಹಿಡಿದುಕೊಂಡೆ.

"ತೆಂಕಿಗೆ ಮುಖ ಮಾಡಿ ಮೊದಲು ಅಗಸ್ತ್ಯ ನಕ್ಷತ್ರ ಹುಡುಕಿ. ಎಲ್ಲುಂಟು?"

"ನನ್ನ ಎಡಕ್ಕೆ. ಎತ್ತರದಲ್ಲಿ. ಇಷ್ಟು ಎತ್ತರದಲ್ಲಿ ನಾವು ಅಗಸ್ತ್ಯವನ್ನು ನೋಡಿಯೇ ಇಲ್ಲ."

"ಅಲ್ಲಿಂದ ಬಲಕ್ಕೆ ಒಂದು ಗೇಣು ಹಾಕಿ."

ಕೈ ಚಾಚಿ ಗೇಣು ಹಾಕಿದೆ. ಕಿರುಬೆರಳಿನ ತುದಿಯಲ್ಲಿ ಅದು ಇತ್ತು.

"ಉಂಟು," ಎಂದೆ. "ಕುಶಾಲಣ್ಣ, ಉಂಟು."

"ಎಷ್ಟು ದೊಡ್ಡದು?"

"ಒಂದು ಮುಷ್ಟಿ. ಇಲ್ಲ, ಬದಿಗೆ ಇನ್ನೂ ಸ್ವಲ್ಪ ಹರಡಿಕೊಂಡಿದೆ."

"ಬಣ್ಣ?"

"ಬಣ್ಣ ಇಲ್ಲ. ಫೋಟೋದಲ್ಲಿರುವ ಹಾಗೆ ಏನೂ ಇಲ್ಲ. ಚಳಿಯಲ್ಲಿ ಬಾಯಿಯಿಂದ ಹೊಗೆ ಬರುತ್ತದಲ್ಲ, ಆ ಹೊಗೆ ಅಲ್ಲೇ ನಿಂತ ಹಾಗೆ."

"ಅಂಚು ಉಂಟಾ?"

"ಇಲ್ಲ. ಎಲ್ಲಿ ಮುಗಿಯುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ."

ಅವರು ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಅದರ ಹಿಂದೆ ಮಂಡೆಕೋಲಿನ ಮಳೆ, ತಗಡಿನ ಮೇಲೆ ಒಂದೇ ಸಮನೆ.

"ಸರಿ," ಎಂದರು. "ಇನ್ನು ಎಂತದೂ ಹೇಳ್ಬೇಡಿ. ನೀವು ನೋಡ್ತಾ ಇರಿ. ನಾನು ಟಿ.ವಿ. ಆಫ್ ಮಾಡಿದೆ."

ನಾನು ನೋಡುತ್ತಾ ನಿಂತೆ. ಅವರು ಅಲ್ಲಿ ಕಣ್ಣು ಮುಚ್ಚಿದ್ದಾರೆಂದು ನನಗೆ ಗೊತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಮೂಡು ದಿಕ್ಕು ಬೆಳ್ಳಗಾಯಿತು. ಸಣ್ಣ ನಕ್ಷತ್ರಗಳು ಮೊದಲು ಹೋದವು. ಮೋಡ ತೆಳುವಾಯಿತು, ಇದೆಯೋ ಇಲ್ಲವೋ ಎಂಬಷ್ಟಾಯಿತು, ಆಮೇಲೆ ಅಲ್ಲಿ ಬರಿಯ ಬೆಳಗಿನ ಆಕಾಶ. ಹಿಂದೆ ಮಾಡು ಮುಚ್ಚಿಕೊಳ್ಳುವ ಸದ್ದಾಯಿತು.

"ಈಗಲೂ ಉಂಟಾ?" ಎಂದು ಕುಶಾಲಣ್ಣ ಕೇಳಿದರು.

"ಉಂಟು," ಎಂದೆ.